ವಿದ್ಯಾರ್ಥಿ ಸಂಕಟದಲ್ಲಿದ್ದಾನೆ ಅನ್ನಿಸಿದಾಗ: ಕಾಲೇಜು ಮೆಂಟರ್‌ಗಳಿಗೆ ಒಂದು ಮಾರ್ಗದರ್ಶಿ

ಸೆಮಿಸ್ಟರ್ ಶುರುವಾಗಿ ಒಂದೆರಡು ವಾರಕ್ಕೆ ಉಪನ್ಯಾಸಕರ ಕೈಗೆ ಮೆಂಟರ್ ಪಟ್ಟಿ ಬರುತ್ತದೆ, ಅಂದರೆ ಯಾವ ವಿದ್ಯಾರ್ಥಿಗಳ ಮೇಲೆ ನಿಗಾ ಇಡಬೇಕು ಎಂಬ ಪಟ್ಟಿ. ಇಪ್ಪತ್ತೋ ಮೂವತ್ತೋ ಹೆಸರು, ಜೊತೆಗೊಂದು ಮೆಂಟರ್ ಡೈರಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನೇ ಪ್ರಾಕ್ಟರ್ ಪದ್ಧತಿ ಅನ್ನುತ್ತಾರೆ. ಅಟೆಂಡೆನ್ಸ್, ಇಂಟರ್ನಲ್ಸ್ ಅಂಕ, ಪೋಷಕರ ಫೋನ್ ನಂಬರ್ ತುಂಬಿ, ಸಹಿ ಹಾಕಿಸಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಮೇಜಿನ ಮೇಲೆ ಜೋಡಿಸಿಟ್ಟರೆ ಕೆಲಸ ಮುಗಿಯಿತು ಅಂತ ಎಷ್ಟೋ ಕಡೆ ಅಂದುಕೊಂಡಿದ್ದಾರೆ. ಆದರೆ ಒಬ್ಬ ಹುಡುಗನೋ ಹುಡುಗಿಯೋ ಒಳಗೊಳಗೇ ಕುಸಿಯುತ್ತಿದ್ದರೆ ಅದು ಮೊದಲು ಕಣ್ಣಿಗೆ ಬೀಳಬಹುದಾದದ್ದು ಈ ಮೆಂಟರ್‌ಗೇ. ಮನೆಯವರು ದೂರದ ಊರಲ್ಲಿರುತ್ತಾರೆ. ವಾರ್ಡನ್‌ಗೆ ನೂರಾರು ಮಕ್ಕಳು. ವಾರದಲ್ಲಿ ನಾಲ್ಕೈದು ಸಲ ಮುಖ ನೋಡುವವರು ನಾವೇ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಜೀವ ಕಳೆದುಕೊಂಡರು. ದಿನಕ್ಕೆ 35ಕ್ಕಿಂತ ಜಾಸ್ತಿ. ಹೆದರಿಸಲಿಕ್ಕೆ ಇದನ್ನು ಹೇಳುತ್ತಿಲ್ಲ. ಸಂಕಟದಲ್ಲಿರುವ ಬಹುಪಾಲು ಮಕ್ಕಳು ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ಯಾರೂ ಗಮನಿಸದೇ ಇದ್ದರೆ ವರ್ಷ ಕಳೆದುಕೊಳ್ಳುತ್ತಾರೆ, ಓದು ಬಿಡುತ್ತಾರೆ, ಕುಡಿತಕ್ಕೆ ಬೀಳುತ್ತಾರೆ.

ಮೆಂಟರ್ ಆದವರು ಕೌನ್ಸೆಲರ್ ಆಗಬೇಕಿಲ್ಲ. ಮಾಡಬೇಕಾದದ್ದು ಇಷ್ಟೇ: ಬದಲಾವಣೆ ಗಮನಿಸಬೇಕು, ನೇರವಾಗಿ ಕೇಳಬೇಕು, ಸರಿಯಾದವರ ಕೈಗೆ ಒಪ್ಪಿಸಬೇಕು. ನಮ್ಮಲ್ಲಿ ಜಾಸ್ತಿ ಎಡವುವುದು ಮೂರನೆಯದರಲ್ಲಿ. ‘ಈ ನಂಬರಿಗೆ ಫೋನ್ ಮಾಡಪ್ಪ’ ಎಂದು ಚೀಟಿ ಕೊಟ್ಟು ಕಳಿಸಿದರೆ ಒಪ್ಪಿಸಿದ ಹಾಗೆ ಆಗುವುದಿಲ್ಲ. ಆ ಚೀಟಿ ಜೇಬಿನಲ್ಲೇ ಉಳಿಯುತ್ತದೆ.

1. ಮೊದಲೇ ಒಂದು ಪುಟ ಸಿದ್ಧ ಮಾಡಿಕೊಳ್ಳಿ

ವಿದ್ಯಾರ್ಥಿ ಎದುರಿಗೆ ಅಳುತ್ತಾ ಕೂತಾಗ ಗೂಗಲ್‌ನಲ್ಲಿ ಹುಡುಕುವಂತಾಗಬಾರದು. ಸೆಮಿಸ್ಟರ್ ಶುರುವಿನಲ್ಲೇ ಒಂದು ಪುಟ ಬರೆದಿಟ್ಟುಕೊಳ್ಳಿ, ಅದರ ಫೋಟೋ ಫೋನಿನಲ್ಲೂ ಇರಲಿ.

ಮೊದಲು ಟೆಲಿ ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ ಇದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಸಿಗದಿದ್ದರೆ 1800-891-4416. ಮೊದಲು ಆಪ್ತ ಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಬಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ವಿದ್ಯಾರ್ಥಿಯೇ ಕರೆ ಮಾಡಬೇಕು ಅಂತೇನಿಲ್ಲ. ‘ನನ್ನ ವಿದ್ಯಾರ್ಥಿಯೊಬ್ಬ ಹೀಗಿದ್ದಾನೆ, ನಾನು ಏನು ಮಾಡಲಿ’ ಅಂತ ಮೆಂಟರ್ ಕೂಡ ಕೇಳಬಹುದು.

ಆಮೇಲೆ ತುರ್ತು ನಂಬರ್‌ಗಳು. ಪೊಲೀಸ್ ಸೇರಿ ಎಲ್ಲ ತುರ್ತಿಗೆ 112, ಆಂಬುಲೆನ್ಸ್‌ಗೆ 108, ಹೆಣ್ಣುಮಕ್ಕಳ ಸಹಾಯಕ್ಕೆ 181, 18 ತುಂಬದವರಿಗೆ 1098. ರ‍್ಯಾಗಿಂಗ್ ದೂರಿಗೆ ಯುಜಿಸಿಯ 1800-180-5522.

ಇನ್ನು ಸ್ಥಳೀಯವಾಗಿ ಯಾರಿದ್ದಾರೆ ನೋಡಿ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ, ಧಾರವಾಡದ ಕಡೆಯವರಿಗೆ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಉಳಿದವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ತಾಲ್ಲೂಕು ಊರಿನ ಕಾಲೇಜಾದರೆ ‘ಮನೋಚೈತನ್ಯ’ ನೆನಪಿರಲಿ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ ಅದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ ಬರುತ್ತಾರೆ ಅಂತ ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿಡಿ. ರಾಜ್ಯದ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ‘ಯುವ ಸ್ಪಂದನ’ ಕೇಂದ್ರಗಳೂ ಜಿಲ್ಲಾ ಕೇಂದ್ರಗಳಲ್ಲಿವೆ. ಆಸ್ಪತ್ರೆ ಅಂದರೆ ಹೆದರುವ ಹುಡುಗರನ್ನು ಮೊದಲು ಇಲ್ಲಿಗೆ ಕಳಿಸುವುದು ಸುಲಭ.

ಕೊನೆಗೆ ನಿಮ್ಮ ಕಾಲೇಜಿನವರು: ಕೌನ್ಸೆಲರ್ ಕೂರುವ ಕೋಣೆ ಮತ್ತು ಸಮಯ, ಹಾಸ್ಟೆಲ್ ವಾರ್ಡನ್, ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ದೂರು ಸಮಿತಿಯ ಅಧ್ಯಕ್ಷೆ, ಎಸ್‌ಸಿ-ಎಸ್‌ಟಿ ಘಟಕದ ಸಂಚಾಲಕರು, ಸ್ಕಾಲರ್‌ಶಿಪ್ ನೋಡಿಕೊಳ್ಳುವ ಗುಮಾಸ್ತರು. ಗುಮಾಸ್ತರು ಇಲ್ಲಿ ಯಾಕೆ ಅಂತೀರಾ? ಮುಂದೆ ಹೇಳುತ್ತೇನೆ.

2. ಲಕ್ಷಣ ಹುಡುಕಬೇಡಿ, ಬದಲಾವಣೆ ನೋಡಿ

ಕೆಲವರು ಹುಟ್ಟಿನಿಂದಲೇ ಮಾತು ಕಮ್ಮಿ. ಕೆಲವರು ಮೊದಲ ದಿನದಿಂದಲೇ ಕೊನೆ ಬೆಂಚು. ಅವರನ್ನೆಲ್ಲ ಅನುಮಾನದಿಂದ ನೋಡಬೇಕಿಲ್ಲ. ನೋಡಬೇಕಾದದ್ದು ಆ ವ್ಯಕ್ತಿ ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಎಂಬುದನ್ನು. ಮುಂದಿನ ಬೆಂಚಿನವನು ಹಿಂದಿನ ಗೋಡೆಗೆ ಒರಗಿ ಕೂರತೊಡಗಿದ್ದು. ಸದಾ ನಗುತ್ತಿದ್ದವಳು ಗೆಳತಿಯರ ಗುಂಪಿನಿಂದ ತಪ್ಪಿಸಿಕೊಂಡು ಒಬ್ಬಳೇ ಬಸ್ ಸ್ಟಾಪಿಗೆ ಹೋಗುವುದು. ಚೆನ್ನಾಗಿ ಬರೆಯುತ್ತಿದ್ದವರು ಇಂಟರ್ನಲ್ಸ್‌ನಲ್ಲಿ ಹೆಸರು, ರಿಜಿಸ್ಟರ್ ನಂಬರ್ ಮಾತ್ರ ಬರೆದು ಖಾಲಿ ಹಾಳೆ ಕೊಡುವುದು.

ಅಟೆಂಡೆನ್ಸ್ ಪುಸ್ತಕ ಬಹಳ ಹೇಳುತ್ತದೆ. ಎಲ್ಲ ಕ್ಲಾಸಿಗೂ ಬಂಕ್ ಹೊಡೆಯುವವನು ಬಹುಶಃ ಸಿನಿಮಾಕ್ಕೆ ಹೋಗಿರುತ್ತಾನೆ. ಆದರೆ ಮೂರು ವಾರದಿಂದ ಬೆಳಗಿನ ಮೊದಲೆರಡು ಪೀರಿಯಡ್ ಮಾತ್ರ ತಪ್ಪುತ್ತಿದ್ದರೆ ರಾತ್ರಿ ನಿದ್ದೆ ಬರುತ್ತಿಲ್ಲವೇನೋ ನೋಡಬೇಕು. ಒಬ್ಬ ಉಪನ್ಯಾಸಕರ ಕ್ಲಾಸಿಗೆ ಮಾತ್ರ ಬಾರದಿದ್ದರೆ ಅಲ್ಲಿ ಅವಮಾನವೋ ಕಿರುಕುಳವೋ ಆಗಿರಬಹುದು. ಸೋಮವಾರಗಳು ಮಾತ್ರ ತಪ್ಪುತ್ತಿದ್ದರೆ ಊರಿಗೆ ಹೋದಾಗ ಮನೆಯಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆ ಏಳುತ್ತದೆ. ಎಲ್ಲವೂ ಊಹೆಯೇ. ಆದರೆ ಮಾತು ಶುರು ಮಾಡಲಿಕ್ಕೆ ಇಷ್ಟು ಸಾಕು.

ನಮ್ಮ ಮಕ್ಕಳು ‘ಡಿಪ್ರೆಶನ್ ಆಗಿದೆ’ ಎಂದು ಬಂದು ಹೇಳುವುದು ಕಮ್ಮಿ. ತಲೆನೋವು, ಹೊಟ್ಟೆನೋವು, ಎದೆ ಹಿಡಿದ ಹಾಗಾಗುತ್ತದೆ, ಸುಸ್ತು ಅನ್ನುತ್ತಾರೆ. ಡಾಕ್ಟರ್ ನೋಡಿ ‘ಏನೂ ಇಲ್ಲ, ಗ್ಯಾಸ್ಟ್ರಿಕ್’ ಅಂದಿರುತ್ತಾರೆ. ಹುಡುಗರಲ್ಲಿ ಎಷ್ಟೋ ಸಲ ಬೇಸರ ಸಿಟ್ಟಿನ ರೂಪದಲ್ಲಿ ಬರುತ್ತದೆ. ಹಾಸ್ಟೆಲ್‌ನಲ್ಲಿ ಜಗಳ, ಬೈಕ್ ಅಡ್ಡಾದಿಡ್ಡಿ ಓಡಿಸುವುದು, ಸಣ್ಣ ಮಾತಿಗೆ ಉಪನ್ಯಾಸಕರ ಮೇಲೆ ಎಗರುವುದು. ಅಂಥವನಿಗೆ ನೋಟಿಸ್ ಕೊಡುವ ಮೊದಲು ಒಂದು ಸಲ ಕೂರಿಸಿ ಮಾತಾಡಿ.

ಜಾಸ್ತಿ ಎಚ್ಚರ ಬೇಕಾದ ಕಾಲಗಳೂ ಇವೆ: ಫಲಿತಾಂಶದ ವಾರ, ಶುಲ್ಕ ಕಟ್ಟುವ ಕೊನೆಯ ದಿನ, ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ದಿನ. ಮನೆಯಲ್ಲಿ ಸಾವು, ಪ್ರೀತಿ ಮುರಿದದ್ದು, ಹುಡುಗಿಗೆ ಗಂಡು ನೋಡಲು ಶುರು ಮಾಡಿದ್ದು. ಕನ್ನಡ ಮಾಧ್ಯಮದಲ್ಲಿ ಓದಿ ರ‍್ಯಾಂಕ್ ಪಡೆದು ಎಂಜಿನಿಯರಿಂಗ್‌ಗೆ ಬಂದ ಮಗುವಿಗೆ ಮೊದಲ ಸೆಮಿಸ್ಟರ್ ಇಂಗ್ಲಿಷಿನಲ್ಲಿ ಏನೂ ಅರ್ಥವಾಗದೆ ಮೂರು ವಿಷಯ ಹೋದಾಗ ಆಗುವ ಆಘಾತವನ್ನು ನಾವು ಲಘುವಾಗಿ ನೋಡುತ್ತೇವೆ. ಊರಲ್ಲಿ ಫ್ಲೆಕ್ಸ್ ಹಾಕಿಸಿ ಕಳಿಸಿರುತ್ತಾರೆ. ಫೇಲಾದ ಸುದ್ದಿ ಅಲ್ಲಿಗೆ ಹೇಗೆ ಹೇಳುವುದು?

ಇವುಗಳಿಂದ ಬೇರೆಯಾಗಿ ಇಡಬೇಕಾದ ಕೆಲವು ಗುರುತುಗಳಿವೆ. ಸಾವಿನ ಮಾತು, ಬರಹ, ಸ್ಟೇಟಸ್. ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂಬಂಥ ಮಾತು. ಇಷ್ಟದ ವಸ್ತುಗಳನ್ನು ಹಂಚುವುದು, ಸಂಬಂಧವಿಲ್ಲದೆ ಕ್ಷಮೆ ಕೇಳುವುದು. ಕೈ ಮೇಲೆ ಗಾಯದ ಗೆರೆ. ತುಂಬಾ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ನಿರಾಳವಾಗಿ ಕಾಣುವುದು. ಇವು ಕಂಡರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಮಾತಾಡಿ.

3. ಕರೆದು ಮಾತಾಡಿ

ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ‘ಏನಾಗಿದೆ ನಿನಗೆ?’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಕ್ಲಾಸಿನಲ್ಲಿ ಹೆಸರು ಕೂಗಿ ‘ಆಮೇಲೆ ಬಂದು ನನ್ನನ್ನು ನೋಡು’ ಅಂದರೂ ಅಷ್ಟೇ, ಇಡೀ ಕ್ಲಾಸಿಗೆ ಸುದ್ದಿ. ಲ್ಯಾಬ್ ಮುಗಿದ ಮೇಲೆ, ಲೈಬ್ರರಿ ಪಕ್ಕ, ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಮಾತಾಡಬಹುದು. ಗಂಡಸು ಉಪನ್ಯಾಸಕರು ವಿದ್ಯಾರ್ಥಿನಿಯ ಜೊತೆ ಮಾತಾಡುವಾಗ ಬಾಗಿಲು ತೆರೆದಿರಲಿ, ಆದರೆ ಮಾತು ಹೊರಗಿನವರಿಗೆ ಕೇಳುವಂತಿರಬಾರದು. ‘ನನ್ನ ಹತ್ರ ಹೇಳೋಕೆ ಮುಜುಗರ ಅಂದ್ರೆ ಮೇಡಂ ಹತ್ರ ಮಾತಾಡ್ತೀಯಾ?’ ಅಂತ ಮೊದಲೇ ಕೇಳುವುದು ಒಳ್ಳೆಯದು.

ಮಾತು ಹೀಗೆ ಸಾಗಬಹುದು. ಬಿ.ಕಾಂ. ಎರಡನೇ ವರ್ಷದ ಹುಡುಗ ಅಂದುಕೊಳ್ಳಿ.

‘ಬಾರಪ್ಪ, ಕೂತ್ಕೋ. ಊಟ ಆಯ್ತಾ?’

‘ಆಯ್ತು ಸರ್.’

‘ಹೋದ ತಿಂಗಳವರೆಗೂ ಮುಂದೇನೇ ಕೂರ್ತಿದ್ದೆ. ಈಗ ಹಿಂದೆ ಹೋಗಿದೀಯ. ಎರಡನೇ ಇಂಟರ್ನಲ್ಸ್ ಬರೀಲಿಲ್ಲ. ಬೈಯೋಕೆ ಕರೆದಿಲ್ಲ ಕಣಯ್ಯ. ಏನಾಗ್ತಿದೆ ಅಂತ ಕೇಳೋಕೆ ಕರೆದೆ.’

‘ಏನಿಲ್ಲ ಸರ್.’

‘ಸರಿ. ಹೇಳಲೇಬೇಕು ಅಂತಿಲ್ಲ. ನಿದ್ದೆ ಹೆಂಗಿದೆ?’

‘...ಬರಲ್ಲ ಸರ್. ನಾಲ್ಕು ಗಂಟೆ ಆಗುತ್ತೆ. ಆಮೇಲೆ ಏಳೋಕಾಗಲ್ಲ.’

ಮನಸ್ಸಿನ ಬಗ್ಗೆ ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ನಿದ್ದೆ, ಊಟದ ಬಗ್ಗೆ ಕೇಳಿದರೆ ನಾಚಿಕೆ ಇಲ್ಲದೆ ಹೇಳುತ್ತಾರೆ. ಅಲ್ಲಿಂದ ಮುಂದಕ್ಕೆ ಹೋಗಬಹುದು. ಗಮನಿಸಿ, ಆ ಮಾತಿನಲ್ಲಿ ‘ಡಲ್ ಆಗಿದೀಯ’ ಎಂಬ ತೀರ್ಪು ಇಲ್ಲ. ಕಣ್ಣಿಗೆ ಕಂಡದ್ದು ಮಾತ್ರ ಇದೆ.

‘ಏನಿಲ್ಲ’ ಅಂದ ಮೇಲೆ ಸ್ವಲ್ಪ ಸುಮ್ಮನಿರಿ. ನಮಗೆ ಪಾಠ ಹೇಳಿ ಹೇಳಿ ಸುಮ್ಮನಿರುವುದು ಕಷ್ಟ. ಖಾಲಿ ಜಾಗ ಸಿಕ್ಕರೆ ಉಪದೇಶ ತುಂಬಿಬಿಡುತ್ತೇವೆ. ‘ನಮ್ಮ ಕಾಲದಲ್ಲಿ ದೀಪದ ಬೆಳಕಲ್ಲಿ ಓದ್ತಿದ್ವಿ’, ‘ನಿಮ್ಮ ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದಾರೆ ಗೊತ್ತಾ’, ‘ಯೋಗ ಮಾಡು, ಎಲ್ಲ ಸರಿ ಹೋಗುತ್ತೆ’, ‘ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ’. ಅದರಲ್ಲೂ ಅಪ್ಪ ಅಮ್ಮನ ಕಷ್ಟದ ಮಾತು ಎತ್ತಲೇಬೇಡಿ. ಮನೆಗೆ ಹೊರೆಯಾಗಿದ್ದೇನೆ ಎಂದು ಆಗಲೇ ಕೊರಗುತ್ತಿರುವವನ ಮೇಲೆ ಇನ್ನೊಂದು ಹೊರೆ ಹೇರಿದಂತೆ.

ಅದರ ಬದಲು ಕೇಳಿದ್ದನ್ನು ಚಿಕ್ಕದಾಗಿ ವಾಪಸ್ ಹೇಳಿ. ‘ಒಂದು ತಿಂಗಳಿಂದ ನಿದ್ದೆ ಇಲ್ಲ, ಓದೋಕಾಗ್ತಿಲ್ಲ, ಮನೇಲಿ ಹೇಳೋ ಹಾಗಿಲ್ಲ. ಇಷ್ಟು ದಿನ ಒಬ್ಬನೇ ಹೊತ್ಕೊಂಡು ಓಡಾಡಿದೀಯ.’ ಇಷ್ಟೇ ಸಾಕು. ಪರಿಹಾರ ಆಗಲೇ ಬೇಕಾಗಿಲ್ಲ.

‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಆ ಮಾತು ಉಳಿಸಿಕೊಳ್ಳಲಾಗದ ಸಂದರ್ಭ ಬರಬಹುದು. ಹೀಗೆ ಹೇಳಿ: ‘ನೀನು ಹೇಳಿದ್ದು ಸ್ಟಾಫ್‌ರೂಮಿಗೆ ಹೋಗಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಸಹಾಯ ಮಾಡೋರಿಗೆ ಹೇಳಬೇಕಾಗುತ್ತೆ. ನಿನಗೆ ಹೇಳಿಯೇ ಹೇಳ್ತೀನಿ.’

4. ಸಾವಿನ ಯೋಚನೆ ಬಗ್ಗೆ ನೇರವಾಗಿ ಕೇಳಿ

ಇಲ್ಲಿ ಹೆಚ್ಚಿನವರು ಹಿಂಜರಿಯುತ್ತಾರೆ. ಕೇಳಿದರೆ ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ. ಈ ಬಗ್ಗೆ ನಡೆದ ಅಧ್ಯಯನಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತವೆ. ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ಎಷ್ಟೋ ಮಕ್ಕಳಿಗೆ ಹಗುರವಾಗುತ್ತದೆ.

ಹೇಗೆ ಕೇಳುತ್ತೀರಿ ಎಂಬುದು ಮುಖ್ಯ. ‘ಅಂಥ ಕೆಟ್ಟ ಯೋಚನೆ ಏನೂ ಇಲ್ಲ ತಾನೆ?’ ಅಂದರೆ ಅದು ‘ಇಲ್ಲ’ ಅನ್ನಿಸಿಕೊಳ್ಳುವ ಪ್ರಶ್ನೆ. ಹುಡುಗ ‘ಇಲ್ಲ ಸರ್’ ಅನ್ನುತ್ತಾನೆ, ಇಬ್ಬರಿಗೂ ಸಮಾಧಾನ, ವಿಷಯ ಅಲ್ಲೇ ಉಳಿಯಿತು. ಹೀಗೆ ಕೇಳಿ: ‘ಇಷ್ಟು ಸಂಕಟ ಇದ್ದಾಗ ಕೆಲವರಿಗೆ ಬದುಕೋದೇ ಬೇಡ ಅನ್ಸುತ್ತೆ. ನಿನಗೂ ಹಾಗೆ ಅನ್ಸಿದೆಯಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ?’

‘ಹೌದು’ ಅಂದರೆ ಗಾಬರಿ ಮುಖಕ್ಕೆ ತಂದುಕೊಳ್ಳಬೇಡಿ. ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ. ನಂತರ ಇನ್ನೂ ಕೆಲವು ಪ್ರಶ್ನೆ, ಮೆಲ್ಲಗೆ. ಈ ಯೋಚನೆ ಯಾವಾಗ ಬರುತ್ತೆ? ಹೇಗೆ ಅಂತ ಯೋಚನೆ ಮಾಡಿದೀಯಾ? ಅದಕ್ಕೆ ಬೇಕಾದದ್ದು ಹತ್ತಿರ ಇದೆಯಾ? ಹಿಂದೆ ಯಾವಾಗಾದ್ರೂ ಪ್ರಯತ್ನ ಮಾಡಿದ್ಯಾ? ಇವತ್ತು ರಾತ್ರಿ ಯಾರ ಜೊತೆ ಇರ್ತೀಯ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ.

ಪಾಪ, ಅಪರಾಧ, ಹೇಡಿತನ ಎಂಬ ವಾದಕ್ಕೆ ಇಳಿಯಬೇಡಿ. ಅಂದಹಾಗೆ ಆತ್ಮಹತ್ಯೆಯ ಯತ್ನವನ್ನು ಈಗ ಕಾನೂನೂ ಹಾಗೆ ನೋಡುವುದಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಎಂದು ಬರೆಯುತ್ತಾರೆ, ಪೊಲೀಸರು ಬರುತ್ತಾರೆ ಎಂದು ಹೆದರಿ ಚಿಕಿತ್ಸೆ ತಡ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ.

5. ಎಷ್ಟು ತುರ್ತು ಎಂದು ಅಂದಾಜು ಮಾಡಿ

ಮಾತು ಮುಗಿಯುವಷ್ಟರಲ್ಲಿ ನಿಮಗೇ ಒಂದು ಅಂದಾಜು ಸಿಕ್ಕಿರುತ್ತದೆ. ಸಾಯುವ ಯೋಚನೆ ಇದೆ, ಹೇಗೆ ಎಂಬ ಲೆಕ್ಕಾಚಾರವೂ ಇದೆ, ಅಥವಾ ಈಗಾಗಲೇ ಏನೋ ಮಾಡಿಕೊಂಡಿದ್ದಾರೆ. ಅಥವಾ ಯಾರೂ ಇಲ್ಲದಿದ್ದರೂ ದನಿ ಕೇಳುತ್ತಿದೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನ್ನುತ್ತಿದ್ದಾರೆ. ಇಂಥಲ್ಲಿ ಒಂದು ನಿಮಿಷವೂ ಒಬ್ಬರನ್ನೇ ಬಿಡಬೇಡಿ, ಟಾಯ್ಲೆಟ್ಟಿಗೆ ಹೋದರೂ ಗೆಳೆಯನೊಬ್ಬ ಬಾಗಿಲ ಹತ್ತಿರ ಇರಲಿ. ಪ್ರಿನ್ಸಿಪಾಲರಿಗೆ ತಿಳಿಸಿ, ಕಾಲೇಜಿನ ವಾಹನದಲ್ಲೋ 108ರಲ್ಲೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನಾದರೂ ಸೇವಿಸಿದ್ದಾರೆ ಎಂಬ ಅನುಮಾನವಿದ್ದರೆ ‘ನೋಡಲು ಚೆನ್ನಾಗಿದ್ದಾನಲ್ಲ’ ಎಂದು ಕಾಯಬೇಡಿ. ಕೆಲವು ವಿಷಗಳ ಪರಿಣಾಮ ಗೊತ್ತಾಗುವುದೇ ತಡವಾಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಬಾಟಲಿಯೋ ಮಾತ್ರೆಯ ಚೀಟಿಯೋ ಸಿಕ್ಕರೆ ಜೊತೆಗೆ ಒಯ್ಯಿರಿ.

ಯೋಚನೆ ಆಗಾಗ ಬರುತ್ತದೆ ಆದರೆ ಯೋಜನೆ ಇಲ್ಲ, ಅಥವಾ ಎರಡು ವಾರಕ್ಕಿಂತ ಹೆಚ್ಚು ದಿನದಿಂದ ನಿದ್ದೆ, ಊಟ, ಓದು ಎಲ್ಲ ಕೆಟ್ಟಿದೆ ಅನ್ನುವವರನ್ನು ಅವತ್ತೋ ಮರುದಿನವೋ ಕೌನ್ಸೆಲರ್ ನೋಡಲೇಬೇಕು. ಉಳಿದವರ ಕಷ್ಟ ಎಷ್ಟೋ ಸಲ ಶುಲ್ಕದ್ದು, ಬ್ಯಾಕ್‌ಲಾಗ್‌ದು, ರೂಮ್‌ಮೇಟ್ ಜಗಳದ್ದು. ಅದನ್ನು ನೀವೇ ಬಗೆಹರಿಸಬಹುದು. ಯಾವ ಗುಂಪಿಗೆ ಸೇರಿಸಬೇಕೆಂದು ಗೊತ್ತಾಗದಿದ್ದರೆ ಜಾಸ್ತಿ ತುರ್ತು ಅಂತಲೇ ಅಂದುಕೊಂಡು ಮುಂದುವರಿಯಿರಿ.

6. ಕೈ ಹಿಡಿದು ದಾಟಿಸಿ

‘ಕೌನ್ಸೆಲರ್ ಹತ್ರ ಹೋಗು’ ಎಂದರೆ ಹುಡುಗರ ಕಿವಿಗೆ ‘ನಿನಗೆ ತಲೆ ಕೆಟ್ಟಿದೆ’ ಎಂದು ಕೇಳಿಸುತ್ತದೆ. ನಿಮ್ಹಾನ್ಸ್ ಅಂದರೆ ಇನ್ನೂ ಹೆದರುತ್ತಾರೆ. ಜೊತೆಗೆ, ಇವರೂ ನನ್ನನ್ನು ಸಾಗಹಾಕುತ್ತಿದ್ದಾರೆ ಎಂಬ ಬೇಸರ. ಹಾಗಾಗಿ ಮೊದಲು ನೀವು ಬಿಟ್ಟುಹೋಗುತ್ತಿಲ್ಲ ಎಂಬುದು ಗೊತ್ತಾಗಲಿ: ‘ನಾನು ಕಾಮರ್ಸ್ ಮೇಷ್ಟ್ರು. ನಿದ್ದೆ ಬರದೇ ಇರೋದಕ್ಕೆ ನನಗೆ ಮದ್ದು ಗೊತ್ತಿಲ್ಲ. ಗೊತ್ತಿರೋರು ಇದಾರೆ. ನಾನೂ ಜೊತೆಗೆ ಬರ್ತೀನಿ, ಮೊದಲ ಸಲ ಹೊರಗೆ ಕೂತಿರ್ತೀನಿ. ಆಮೇಲೆ ಸೋಮವಾರ ನಾವಿಬ್ರೂ ಮತ್ತೆ ಮಾತಾಡೋಣ.’

ಅವನ ಎದುರಿಗೇ ಫೋನ್ ಮಾಡಿ ಸಮಯ ಗೊತ್ತು ಮಾಡಿ. ಕಾಲೇಜಿನಲ್ಲೇ ಕೌನ್ಸೆಲರ್ ಇದ್ದರೆ ಕೋಣೆಯವರೆಗೆ ನಡೆದುಕೊಂಡು ಹೋಗಿ. ಆ ಬಾಗಿಲಿನ ಬೋರ್ಡನ್ನು ಗೆಳೆಯರು ನೋಡುತ್ತಾರೆ ಎಂಬ ಮುಜುಗರವಿದ್ದರೆ ಕ್ಲಾಸ್ ನಡೆಯುವ ಹೊತ್ತು ಆರಿಸಿಕೊಳ್ಳಿ, ಆ ಪೀರಿಯಡ್‌ನ ಅಟೆಂಡೆನ್ಸ್ ಬಗ್ಗೆ ಆ ಉಪನ್ಯಾಸಕರ ಬಳಿ ನೀವೇ ಮಾತಾಡಿ. ಟೆಲಿ ಮಾನಸ್ ಆದರೆ ಖಾಲಿ ಕೋಣೆಯಲ್ಲಿ ಕೂರಿಸಿ ಕರೆ ಹಚ್ಚಿಕೊಟ್ಟು, ಭಾಷೆ ಆರಿಸುವವರೆಗೆ ಜೊತೆಗಿದ್ದು ಹೊರಗೆ ಬನ್ನಿ.

ಕೌನ್ಸೆಲರ್‌ಗೆ ಏನು ಹೇಳಬೇಕು? ನೀವು ಕಂಡದ್ದು, ಕೇಳಿದ್ದು, ಎಷ್ಟು ದಿನದಿಂದ, ನೀವು ಏನು ಮಾಡಿದ್ದೀರಿ. ಅಷ್ಟೇ, ಅದೂ ಅವನ ಒಪ್ಪಿಗೆ ಕೇಳಿ. ‘ಲವ್ ಫೇಲ್ಯೂರ್ ಕೇಸ್’ ಎಂಬಂಥ ಹಣೆಪಟ್ಟಿ ಬೇಡ. ಒಳಗೆ ಏನು ಮಾತಾಯಿತು ಎಂದು ಆಮೇಲೆ ಕೌನ್ಸೆಲರ್‌ರನ್ನು ಕೆದಕಬೇಡಿ. ಅವರು ಹೇಳುವುದೂ ಇಲ್ಲ, ಹೇಳಬಾರದು ಕೂಡ.

ಬೇಡ ಅಂದರೆ? ತುರ್ತಿಲ್ಲದಿದ್ದರೆ ಒತ್ತಾಯ ಬೇಡ. ಯಾಕೆ ಬೇಡ ಎಂದು ಕೇಳಿ. ಕಾಲೇಜಿನವರಿಗೆ ಗೊತ್ತಾಗುತ್ತದೆ ಎಂಬ ಭಯವಾದರೆ ಹೊರಗಿನವರನ್ನು ತೋರಿಸಬಹುದು. ದುಡ್ಡಿನ ಚಿಂತೆಯಾದರೆ ಸರ್ಕಾರಿ ಆಸ್ಪತ್ರೆ ಇದೆ. ಮಾತ್ರೆ ಕೊಟ್ಟು ಮಲಗಿಸುತ್ತಾರೆ ಎಂಬ ಭಯವಾದರೆ, ಕೌನ್ಸೆಲರ್ ಮಾತ್ರೆ ಬರೆಯುವುದಿಲ್ಲ, ಅದು ಬೇಕೋ ಬೇಡವೋ ಎಂದು ಮನೋವೈದ್ಯರು ನೋಡಿ ಹೇಳುತ್ತಾರೆ ಎಂದು ತಿಳಿಸಿ. ಇನ್ನೂ ಒಪ್ಪದಿದ್ದರೆ ಮುಂದಿನ ಭೇಟಿಗೆ ದಿನ ಗೊತ್ತು ಮಾಡಿ ಕಳಿಸಿ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ‘ಬೇಡ’ ಎಂಬ ಉತ್ತರಕ್ಕೆ ನಿಲ್ಲುವಂತಿಲ್ಲ.

7. ಮನೆಗೆ ಹೇಳುವ ಮೊದಲು ಕೇಳಿ

ನಮ್ಮ ಮೊದಲ ಪ್ರವೃತ್ತಿ ಅಪ್ಪನಿಗೆ ಫೋನ್ ಮಾಡುವುದು. ಸ್ವಲ್ಪ ತಡೆಯಿರಿ. ‘ಮನೇಲಿ ಯಾರ ಹತ್ರ ನೀನು ಧೈರ್ಯವಾಗಿ ಮಾತಾಡಬಲ್ಲೆ?’ ಎಂದು ಮೊದಲು ಕೇಳಿ. ಅದು ಅಕ್ಕ ಇರಬಹುದು, ಸೋದರಮಾವ ಇರಬಹುದು, ಅಜ್ಜಿ ಇರಬಹುದು. ಸಂಕಟದ ಮೂಲವೇ ಮನೆಯಾಗಿದ್ದರೆ, ಅಂದರೆ ಹೊಡೆತ, ಬಲವಂತದ ಮದುವೆ, ಬೇರೆ ಜಾತಿಯವರನ್ನು ಪ್ರೀತಿಸಿದ್ದಕ್ಕೆ ಬೆದರಿಕೆ ಇದ್ದರೆ, ನಿಮ್ಮ ಒಂದು ಫೋನ್ ಅನಾಹುತ ಮಾಡೀತು. ಆಗ 181 ಅಥವಾ ಪೊಲೀಸರ ನೆರವು ಬೇಕು.

ಅಪಾಯ ದೊಡ್ಡದಿದ್ದಾಗ ಮನೆಯವರಿಗೆ ಹೇಳಲೇಬೇಕು. ಹೇಳುವಾಗ ಭಾಷೆ ನೋಡಿಕೊಳ್ಳಿ. ‘ನಿಮ್ಮ ಮಗ ಸಾಯ್ತೀನಿ ಅಂತಿದ್ದಾನೆ, ಬಂದು ಕರ್ಕೊಂಡು ಹೋಗಿ’ ಅನ್ನುವುದಲ್ಲ. ‘ಮಗನಿಗೆ ಹುಷಾರಿಲ್ಲ, ಮನಸ್ಸಿಗೆ ತುಂಬಾ ಕಷ್ಟ ಆಗಿದೆ. ಈಗ ನಮ್ಮ ಜೊತೆ ಕ್ಷೇಮವಾಗಿದ್ದಾನೆ. ನೀವು ಬನ್ನಿ, ಡಾಕ್ಟರ್ ಜೊತೆ ಕೂತು ಮಾತಾಡೋಣ. ಬಂದಾಗ ಬೈಬೇಡಿ.’ ಆ ಕೊನೆಯ ವಾಕ್ಯ ಬಿಟ್ಟುಬಿಡಬೇಡಿ. ಊರಿಗೆ ಕಳಿಸುವುದಾದರೆ ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ, ಹಿರಿಯರ ಮಾತ್ರೆಗಳು ಕೈಗೆ ಸಿಗದಂತೆ ಬೀಗ ಹಾಕಿಡಲು ಹೇಳಿ. ರೈತ ಮನೆಗಳಲ್ಲಿ ಇದೊಂದೇ ಎಚ್ಚರ ಎಷ್ಟೋ ಜೀವ ಉಳಿಸಬಲ್ಲದು.

ಪಿಯುಸಿ ಮಕ್ಕಳು, ಪದವಿ ಮೊದಲ ವರ್ಷದ ಕೆಲವರು 18 ತುಂಬದವರು. ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕಾಲೇಜಿನ ಹೆಸರು ಕೆಡುತ್ತದೆ ಎಂದು ಒಳಗೇ ಮುಚ್ಚಿಹಾಕುವಂತಿಲ್ಲ.

8. ಆಡಳಿತದ ಗಂಟುಗಳನ್ನು ಬಿಚ್ಚಿ

ಈಗ ಆ ಗುಮಾಸ್ತರ ವಿಷಯ. ನನ್ನ ಅನಿಸಿಕೆಯಲ್ಲಿ ವಿದ್ಯಾರ್ಥಿಗಳ ಸಂಕಟದ ಅರ್ಧ ಭಾಗ ಕಚೇರಿಯ ಕಿಟಕಿ ಹತ್ತಿರ ಹುಟ್ಟುತ್ತದೆ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹಾಕಿದ ಸ್ಕಾಲರ್‌ಶಿಪ್ ಅರ್ಜಿ ಆಧಾರ್ ಹೆಸರು ಹೊಂದಿಕೆಯಾಗದೆ ನಿಂತಿರುತ್ತದೆ. ಶುಲ್ಕ ಬಾಕಿ ಎಂದು ಹಾಲ್ ಟಿಕೆಟ್ ತಡೆದಿರುತ್ತಾರೆ. ಜಾಂಡೀಸ್ ಆಗಿ ಮಲಗಿದ್ದಕ್ಕೆ ಅಟೆಂಡೆನ್ಸ್ 75ಕ್ಕಿಂತ ಕೆಳಗಿಳಿದಿರುತ್ತದೆ, ಮೆಡಿಕಲ್ ಸರ್ಟಿಫಿಕೇಟ್ ಎಲ್ಲಿ ಕೊಡಬೇಕು ಎಂದೇ ಗೊತ್ತಿರುವುದಿಲ್ಲ. ಕೌನ್ಸೆಲರ್ ಎಷ್ಟೇ ಒಳ್ಳೆಯವರಾದರೂ ಹಾಲ್ ಟಿಕೆಟ್ ಕೊಡಿಸಲಾರರು. ನೀವು ಕೊಡಿಸಬಲ್ಲಿರಿ. ಶುಲ್ಕಕ್ಕೆ ಕಂತು, ತಪ್ಪಿದ ಇಂಟರ್ನಲ್ಸ್‌ಗೆ ಇನ್ನೊಂದು ಅವಕಾಶ, ಹಾಸ್ಟೆಲ್ ಕೋಣೆ ಬದಲಾವಣೆ. ಇಂಥ ಒಂದು ಕೆಲಸ ಆದರೆ ಮುಖ ಎಷ್ಟು ಬದಲಾಗುತ್ತದೆ ನೋಡಿ.

9. ಡೈರಿಯಲ್ಲಿ ಏನು ಬರೆಯಬೇಕು

ಮೆಂಟರ್ ಡೈರಿಯನ್ನು ವಿಭಾಗದ ಮುಖ್ಯಸ್ಥರು ನೋಡುತ್ತಾರೆ, ಕಾಲೇಜಿನದೇ ಗುಣಮಟ್ಟ ಘಟಕವಾದ ಐಕ್ಯೂಎಸಿಯವರು ನೋಡುತ್ತಾರೆ, ನ್ಯಾಕ್ ತಂಡ ಪುಟ ತಿರುಗಿಸುತ್ತದೆ. ಹಾಗಾಗಿ ಅದರಲ್ಲಿ ‘ಡಿಪ್ರೆಶನ್’, ‘ಸೂಸೈಡಲ್’, ‘ತಂದೆ ಕುಡುಕ’ ಎಂದೆಲ್ಲ ಬರೆಯಬೇಡಿ. ‘ದಿನಾಂಕ ಇಂಥದ್ದರಂದು ವೈಯಕ್ತಿಕವಾಗಿ ಮಾತಾಡಲಾಯಿತು, ಅಗತ್ಯ ನೆರವಿಗೆ ಕಳಿಸಲಾಯಿತು, ಮುಂದಿನ ಭೇಟಿ ಇಂಥ ದಿನ’ ಎಂದಷ್ಟೇ ಸಾಕು. ವಿವರ ದಾಖಲಾಗಲೇಬೇಕಾದ ತುರ್ತು ಪ್ರಕರಣವಾದರೆ ಬೇರೆ ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿ ಪ್ರಿನ್ಸಿಪಾಲರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಾಟ್ಸಾಪ್ ಸ್ಟಾಫ್ ಗ್ರೂಪಿನಲ್ಲಿ ಹೆಸರು ಹಾಕುವುದಂತೂ ಬೇಡವೇ ಬೇಡ.

10. ರಾತ್ರಿ ಬರುವ ಮೆಸೇಜು, ಆಮೇಲಿನ ದಿನಗಳು

ರಾತ್ರಿ ಹನ್ನೊಂದಕ್ಕೆ ‘ಎಲ್ಲದಕ್ಕೂ ಥ್ಯಾಂಕ್ಸ್ ಸರ್, ಸಾರಿ’ ಎಂಬ ಮೆಸೇಜ್ ಬಂದರೆ ಉತ್ತರ ಟೈಪ್ ಮಾಡುತ್ತಾ ಕೂರಬೇಡಿ. ತಕ್ಷಣ ಕರೆ ಮಾಡಿ. ಎತ್ತದಿದ್ದರೆ ರೂಮ್‌ಮೇಟ್, ವಾರ್ಡನ್ ಅಥವಾ ಪಿಜಿ ಮಾಲೀಕರಿಗೆ ಮಾಡಿ ಕೋಣೆಗೆ ಹೋಗಿ ನೋಡಲು ಹೇಳಿ. ಯಾರೂ ಸಿಗದಿದ್ದರೆ 112. ಅತಿಯಾಯಿತೇನೋ ಎಂಬ ಸಂಕೋಚ ಬೇಡ. ಇಂಥ ತುರ್ತನ್ನು ಬಿಟ್ಟು ಉಳಿದ ದಿನ ‘ರಾತ್ರಿ ಒಂಬತ್ತರ ನಂತರ ನಾನು ಫೋನ್ ನೋಡಲ್ಲ, ಆಗ 14416ಕ್ಕೆ ಮಾಡು’ ಎಂದು ಮೊದಲೇ ಹೇಳಿಡುವುದರಲ್ಲಿ ತಪ್ಪಿಲ್ಲ. ಎರಡು ಕಾಲೇಜಿಗೆ ಓಡಾಡುವ ಅತಿಥಿ ಉಪನ್ಯಾಸಕರಿಗೆ ಇಪ್ಪತ್ತನಾಲ್ಕು ಗಂಟೆಯ ಸಹಾಯವಾಣಿ ಆಗಲು ಸಾಧ್ಯವೂ ಇಲ್ಲ.

ಒಪ್ಪಿಸಿದ ಮೇಲೆ ಮೂರ್ನಾಲ್ಕು ದಿನದಲ್ಲಿ ಒಮ್ಮೆ ಮಾತಾಡಿಸಿ. ಕಾರಿಡಾರಿನಲ್ಲಿ ಗೆಳೆಯರ ಮುಂದೆ ‘ಈಗ ಹೇಗಿದೀಯಪ್ಪ, ಮಾತ್ರೆ ತಗೋತಿದೀಯಾ?’ ಎಂದಲ್ಲ. ಕೌನ್ಸೆಲರ್ ಹೊಂದಲಿಲ್ಲ ಅಂದರೆ ಬೇರೆಯವರನ್ನು ನೋಡಿ, ಅದು ಮಾಮೂಲು. ಆಸ್ಪತ್ರೆಯಿಂದ ವಾಪಸ್ ಬಂದವರಿಗೆ ಮೊದಲ ವಾರ ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಎಬ್ಬಿಸಬೇಡಿ ಎಂದು ಸಹೋದ್ಯೋಗಿಗಳಿಗೆ ಹೇಳಿ. ಕಾರಣ ಹೇಳಬೇಕಿಲ್ಲ, ‘ಹುಷಾರಿರಲಿಲ್ಲ’ ಅಂದರೆ ಸಾಕು.

ಕಾಲೇಜಿನಲ್ಲಿ ಕೌನ್ಸೆಲರೇ ಇಲ್ಲದಿದ್ದರೆ

ಎಷ್ಟೋ ಕಾಲೇಜುಗಳ ಸ್ಥಿತಿ ಇದೇ. ‘ಕೌನ್ಸೆಲಿಂಗ್ ಸೆಲ್’ ಎಂಬ ಬೋರ್ಡ್ ಇರುತ್ತದೆ, ಒಳಗೆ ಹಳೆಯ ಉತ್ತರಪತ್ರಿಕೆಗಳ ಕಟ್ಟು. ಆದರೆ ಈಗ ಕೇಳುವುದಕ್ಕೆ ಒಂದು ಆಧಾರವಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್ ಅಥವಾ ಮನಶ್ಶಾಸ್ತ್ರಜ್ಞರನ್ನು ಇಟ್ಟುಕೊಳ್ಳಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆ ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಟೆಲಿ ಮಾನಸ್ ಸೇರಿ ಸಹಾಯವಾಣಿ ನಂಬರ್‌ಗಳು ಹಾಸ್ಟೆಲ್, ಕ್ಲಾಸ್‌ರೂಮುಗಳಲ್ಲಿ ಕಣ್ಣಿಗೆ ಬೀಳುವಂತಿರಬೇಕು.

ಸಂಬಳ ಕೊಟ್ಟು ನೇಮಿಸಲು ದುಡ್ಡಿಲ್ಲ ಎಂಬ ಉತ್ತರ ಬಂದರೆ, ನೇಮಕ ಆಗುವವರೆಗಾದರೂ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಪ್ರಿನ್ಸಿಪಾಲರಿಂದ ಒಂದು ಪತ್ರ ಬರೆಸಿ: ವಾರಕ್ಕೋ ಹದಿನೈದು ದಿನಕ್ಕೋ ಒಬ್ಬರು ಬಂದು ಕೂರಲಿ, ಸೆಮಿಸ್ಟರ್ ಶುರುವಿನಲ್ಲಿ ನಮಗೆ ಅರ್ಧ ದಿನದ ತರಬೇತಿ ಕೊಡಲಿ. ಬಾಯಿಮಾತಿನಲ್ಲಿ ಬಿಡಬೇಡಿ. ಮುಂದಿನ ಐಕ್ಯೂಎಸಿ ಸಭೆಯ ವಿಷಯಪಟ್ಟಿಗೆ ಸೇರಿಸಿ, ನಡಾವಳಿಯಲ್ಲಿ ಬರೆಸಿ. ಅದರ ನಂತರದ ಸಭೆಯಲ್ಲಿ ‘ಆ ಪತ್ರಕ್ಕೆ ಏನು ಉತ್ತರ ಬಂತು?’ ಎಂದು ಕೇಳಲು ಆಗ ಬರುತ್ತದೆ.